ಕೋಟೆ ಉಳೀತು, ಇಂದ್ರಭುವನ ಉಳೀತು. ಧರ್ಮಶಾಲೆ ಯಾರು ಉಳಿಸಬೇಕು?



ಸೋಲಾಪುರದ ಭುಯಿಕೋಟ ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯೊಳಗೆ ಅದ. ವಾರದ ಅಪ್ಪಾಸಾಹೇಬರು ಕಟ್ಟಿಸಿದ ಇಂದ್ರಭುವನ ಮಹಾನಗರಪಾಲಿಕೆಯ ಕಚೇರಿಯಾಗಿ ಉಳೀತು, ಈಚಿನ ವರ್ಷಗಳಲ್ಲಿ ಅದಕ್ಕ ಜೀರ್ಣೋದ್ಧಾರವೂ ಆತು. ನಮ್ಮ ಬೋರಾಮಣಿಯಿಂದ ಹೈದರಾಬಾದ್ ರಸ್ತೆ ಹಿಡಿದು ಮುಂದೆ ಹೋದರ ನಳದುರ್ಗ ಬರ್ತದ. ಆ ಕೋಟೆಯನ್ನ ರಾಜ್ಯ ಸರ್ಕಾರ ಸ್ಮಾರಕ ದತ್ತು ಯೋಜನೆಯಲ್ಲಿ ಖಾಸಗಿ ಸಂಸ್ಥೆಗೆ ನೋಡಿಕೊಳ್ಳಾಕ ಕೊಟ್ಟಿತು. ಇವತ್ತು ಮಳೆಗಾಲ ಬಂದರ ಸಾಕು, ನರ-ಮಾದಿ ಧಬಧಬೆ ನೋಡಾಕ ಮಂದಿ ಗಾಡಿ ಕಟ್ಟಿಕೊಂಡು ಹೋಗ್ತಾರ.

ಇದೆಲ್ಲ ಚಲೋದೇ ಆತು. ಆದರ ಒಂದು ಮಾತು ಕೇಳಬೇಕಾಗ್ಯದ. ರಾಜರು ಕಾದಾಡಿದ ಜಾಗ ಉಳೀತು, ಸಾಹುಕಾರರು ಬಾಳಿದ ಮನೆ ಉಳೀತು. ಬಡವ ಒಂದು ರಾತ್ರಿ ಮಲಗಿ, ಒಂದು ಹೊತ್ತು ಉಂಡು, ಎದ್ದು ಹೋದ ಮನೆ? ಧರ್ಮಶಾಲೆ, ಛತ್ರ, ದಾಸೋಹದ ಮನೆ, ಮಠದ ಪಡಸಾಲೆ? ಅವು ಯಾವ ಯಾದಿಯಾಗೂ ಇಲ್ಲ. ಒಂದೊಂದಾಗಿ ಬೀಳಾಕತ್ಯಾವ, ಇಲ್ಲಾ ಬೀಳಿಸಾಕತ್ಯಾರ. ಆ ಜಾಗದಾಗ ಕೆಳಗ ಅಂಗಡಿ ಗಾಳೆ, ಮ್ಯಾಲ ಮಂಗಲ ಕಾರ್ಯಾಲಯ. ನಾನು ಯಾವ ಊರಿನ ಯಾವ ಕಟ್ಟಡ ಅಂತ ಹೆಸರು ಹೇಳಂಗಿಲ್ಲ. ನಿಮ್ಮ ಊರಿಂದು ನಿಮಗ ಗೊತ್ತದ.

ನನ್ನ ಅಭಿಪ್ರಾಯ ಇಷ್ಟೇ: ಈ ಧರ್ಮದ ಮನೆಗಳನ್ನ ಕಾನೂನಿನ ಪ್ರಕಾರ ಪರಂಪರೆಯ ಕಟ್ಟಡ ಅಂತ ರಕ್ಷಿಸಬೇಕು. ಹಂಗ ರಕ್ಷಿಸುವಾಗ ಕಟ್ಟಡ, ಅದರ ದಾನಪತ್ರ, ಅದರ ಉಪಯೋಗ ಈ ಮೂರನ್ನೂ ಒಟ್ಟಿಗೆ ಹಿಡೀಬೇಕು. ಮತ್ತ ಇದರ ಮೊದಲನೇ ಕೆಲಸ ಸರ್ಕಾರದ್ದಲ್ಲ, ನಮ್ಮದು.

ನಮ್ಮ ಭಾಗದಾಗ ಇವು ಯಾಕ ಇಷ್ಟು ಹುಟ್ಟಿದವು ಅಂತ ಮೊದಲು ನೋಡೋಣ. ನಕಾಶೆ ತೆಗೆದು ನೋಡ್ರಿ. ಪಶ್ಚಿಮಕ್ಕ ಪಂಢರಪುರ, ಉತ್ತರಕ್ಕ ತುಳಜಾಪುರ, ಆಗ್ನೇಯಕ್ಕ ಅಕ್ಕಲಕೋಟ, ಅದರಾಚೆ ಭೀಮಾ ನದಿ ದಂಡಿಗೆ ಗಾಣಗಾಪುರ. ನಡುವೆ ಸಿದ್ಧರಾಮೇಶ್ವರರ ಸೊನ್ನಲಿಗೆ, ಅಂದ್ರ ಸೋಲಾಪುರ. ಈ ಐದೂ ಕಡೆ ಕನ್ನಡ ಮಂದಿ, ಮರಾಠಿ ಮಂದಿ, ತೆಲುಗು ಮಂದಿ ಶತಮಾನಗಳಿಂದ ನಡಕೊಂಡು, ಎತ್ತಿನ ಗಾಡಿ ಕಟ್ಟಿಕೊಂಡು ಹೋಗ್ಯಾರ. 19ನೇ ಶತಮಾನದಾಗ ರೈಲು ಬಂದ ಮ್ಯಾಲೂ ನಡಿಗೆ ನಿಲ್ಲಲಿಲ್ಲ. ಅಕ್ಕಲಕೋಟ ರೋಡ್ ಸ್ಟೇಶನ್ನಿನಾಗ ಇಳಿದರ ಅಕ್ಕಲಕೋಟ ಊರು ಇನ್ನೂ ಹತ್ತು ಕಿಲೋಮೀಟರಿನ ಆಸುಪಾಸು ದೂರ. ರಾತ್ರಿ ಗಾಡಿಗೆ ಇಳಿದ ಮುದುಕಿ ಎಲ್ಲಿ ಮಲಗಬೇಕು? ಲಾಡ್ಜ್ ಇರಲಿಲ್ಲ, ಇದ್ದರೂ ರೊಕ್ಕ ಇರಲಿಲ್ಲ. ಅದಕ್ಕ ಊರ ವ್ಯಾಪಾರಿಗಳು, ಮಠದವರು, ಗೌಡರು ಧರ್ಮಶಾಲೆ ಕಟ್ಟಿಸಿದರು. ದಪ್ಪ ಕರಿಕಲ್ಲಿನ ಗ್ವಾಡಿ, ಸುಣ್ಣದ ಗಚ್ಚು, ನಡುವೆ ಚೌಕ, ಸುತ್ತ ಪಡಸಾಲೆ, ದೀಪ ಇಡಾಕ ಗೂಡು, ಎತ್ತಿಗೆ ಗೋದಲಿ, ಬಾಗಿಲ ಹೊರಗ ಕುಂಡ್ರಾಕ ಕಟ್ಟೆ. ಸೊಗಸಿಗಾಗಿ ಮಾಡಿದ್ದಲ್ಲ ಅದು. ನಡೆದು ದಣಿದು ಬಂದವರಿಗೆ ಏನೇನು ಬೇಕೋ ಅದನ್ನ ತಿಳಿದು ಮಾಡಿದ್ದು. ವಾಸ್ತುಶಿಲ್ಪ ಅಂದ್ರ ಇದೂ ವಾಸ್ತುಶಿಲ್ಪನೇ.

ಇನ್ನೊಂದು ಮಾತು ನಮಗ ಕನ್ನಡಿಗರಿಗೆ ಮುಖ್ಯ. ಇಂಥಾ ದಾನದ ಪದ್ಧತಿ ಈ ನೆಲದಾಗ ಬ್ರಿಟಿಷರ ಕಾಲದಾಗ ಹುಟ್ಟಿದ್ದಲ್ಲ. ಧಾರವಾಡದ ವಿದ್ವಾಂಸ ಶ್ರೀನಿವಾಸ ರಿತ್ತಿ ಮತ್ತು ನಮ್ಮ ಸೋಲಾಪುರದ ಆನಂದ ಕುಂಭಾರ ಸೇರಿ 1988ರಲ್ಲಿ ಸೋಲಾಪುರ ಜಿಲ್ಲೆಯ ಶಾಸನಗಳ ಪುಸ್ತಕ ತಂದರು. ಈ ಜಿಲ್ಲೆಯ ಕಲ್ಲುಗಳ ಮ್ಯಾಲ ಎಷ್ಟು ಕನ್ನಡ ಅದ ಅನ್ನೋದು ಅದರಿಂದ ಜಗತ್ತಿಗೆ ಗೊತ್ತಾತು. ಆನಂದ ಕುಂಭಾರರು ಮರಾಠಿಯಲ್ಲಿ ಬರೆದ ಸಂಶೋಧಕರು ಅನ್ನೋದನ್ನ ನಾವು ಮರೀಬಾರದು. ಕಲ್ಲಿನ ಮ್ಯಾಲಿನ ಅಕ್ಷರ ಉಳಿಸೋ ಕೆಲಸದಾಗ ಮರಾಠಿ-ಕನ್ನಡ ಜಗಳ ಇಲ್ಲ, ಇರಬಾರದು.

ಚಾಲುಕ್ಯರ ಕಾಲದ ಕನ್ನಡ ಶಾಸನ ಓದಿದವರಿಗೆ ಒಂದು ಮಾತು ಮತ್ತ ಮತ್ತ ಸಿಗ್ತದ: ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದದ್ದು, ಬಿರುಕು ಬಿಟ್ಟದ್ದು, ಹಳೇದಾದದ್ದು ಇವನ್ನ ದುರಸ್ತಿ ಮಾಡಾಕ ಅಂತ ಅರ್ಥ. ಗುಡಿ ಕಟ್ಟಿಸಿದವ ಗುಡಿಗಷ್ಟೇ ಭೂಮಿ ಬಿಡಲಿಲ್ಲ. ದೇವರ ಪೂಜೆಗೆ, ತಪೋಧನರ ಊಟಕ್ಕ, ಹುಡುಗರ ವಿದ್ಯಾದಾನಕ್ಕ, ಅದರ ಜೊತೆಗೆ ಕಟ್ಟಡದ ದುರಸ್ತಿಗೂ ಸೇರಿಸಿ ಹೊಲ, ತೋಟ, ಸುಂಕದ ಪಾಲು ಬಿಟ್ಟ. ಬಿಟ್ಟದ್ದನ್ನ ಕಲ್ಲಿನ ಮ್ಯಾಲ ಬರೆಸಿದ. ಈ ಧರ್ಮ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರಲಿ ಅಂತ ಶಾಪವನ್ನೂ ಬರೆಸಿದ.

ಬ್ಯಾಂಕಿನಾಗ ಕೆಲಸ ಮಾಡೋ ನನಗ ಈ ಪದ್ಧತಿ ನೋಡಿದರ ಆಶ್ಚರ್ಯ ಆಗ್ತದ. ಕಟ್ಟೋ ಖರ್ಚು ಬ್ಯಾರೆ, ನಡೆಸೋ ಖರ್ಚು ಬ್ಯಾರೆ, ದುರಸ್ತಿ ಖರ್ಚು ಬ್ಯಾರೆ ಅಂತ ಒಂಬೈನೂರು ವರ್ಷದ ಹಿಂದೆ ಲೆಕ್ಕ ಹಾಕ್ಯಾರ. ಮೂರಕ್ಕೂ ಆದಾಯದ ಮೂಲ ಗೊತ್ತು ಮಾಡ್ಯಾರ. ಇವತ್ತು ನಾವು ಕೋಟಿಗಟ್ಟಲೆ ದೇಣಿಗೆ ಎತ್ತಿ ಸಭಾಭವನ ಕಟ್ತೀವಿ. ಐದು ವರ್ಷಕ್ಕ ಸೋರಾಕ ಹತ್ತಿದರ ದುರಸ್ತಿಗೆ ಮತ್ತ ಪಾವತಿ ಪುಸ್ತಕ ಹಿಡಕೊಂಡು ಮನೆಮನೆ ತಿರುಗ್ತೀವಿ.

ಹತ್ತಿರದ ಕಾಲಕ್ಕ ಬಂದರ ಕನ್ನಡಿಗರಿಗೆ ಗೊತ್ತಿರೋ ದೊಡ್ಡ ಉದಾಹರಣೆ ಗುಬ್ಬಿ ತೋಟದಪ್ಪನವರು. 1838ರಲ್ಲಿ ಹುಟ್ಟಿದ ವ್ಯಾಪಾರಿ, ಮಕ್ಕಳಿರಲಿಲ್ಲ. 1897ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಎದುರಿಗೆ ಎರಡೂವರೆ ಎಕರೆ ಜಾಗ ಕೊಂಡು ಧರ್ಮಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನ ಉದ್ಘಾಟನೆ ಮಾಡಿದರು. ಜಾತಿ-ಮತ ಕೇಳದೆ ಪ್ರವಾಸಿಗರಿಗೆ ಇಳಿಯಾಕ ಜಾಗ, ಆಮೇಲೆ ಬಡ ಹುಡುಗರಿಗೆ ವಿದ್ಯಾರ್ಥಿ ನಿಲಯ. ತೋಟದಪ್ಪನವರು 1910ರಲ್ಲಿ ತೀರಿಕೊಂಡರು. ಆದರ ಅದಕ್ಕ ಮೊದಲೇ ತಮ್ಮ ಆಸ್ತಿಯನ್ನ ಟ್ರಸ್ಟಿಗೆ ಬರೆದು, ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಂಥ ಪ್ರಾಮಾಣಿಕರ ಕೈಗೆ ಒಪ್ಪಿಸಿದ್ದರು. ನೂರು ವರ್ಷ ದಾಟಿದ ಮ್ಯಾಲೂ ಆ ಸಂಸ್ಥೆ ನಡೀತಾ ಅದ. ಯಾಕ? ಕಟ್ಟಡದ ಜೊತೆ ಆದಾಯ ಇಟ್ಟರು, ಆದಾಯದ ಜೊತೆ ಬರವಣಿಗೆ ಇಟ್ಟರು, ಬರವಣಿಗೆಯ ಜೊತೆ ಜವಾಬ್ದಾರಿ ಮಂದಿಯನ್ನ ಇಟ್ಟರು. ಶಾಸನದಾಗಿನ ಪದ್ಧತಿನೇ ಇದು, ಹೊಸ ಅರಿವೆ ಉಟ್ಕೊಂಡದ ಅಷ್ಟೇ.

ಹೊರದೇಶದಾಗೂ ಇದೇ ಕಾಣ್ತದ. ಜರ್ಮನಿಯ ಆಗ್ಸ್‌ಬರ್ಗ್ ಊರಿನಲ್ಲಿ ಫುಗ್ಗೆರಾಯ್ ಅಂತ ಒಂದು ಓಣಿ ಅದ. ಯಾಕೋಬ್ ಫುಗ್ಗರ್ ಅನ್ನೋ ಶ್ರೀಮಂತ ಲೇವಾದೇವಿಗಾರ 1521ರಲ್ಲಿ ಊರಿನ ಬಡವರಿಗಾಗಿ ಸ್ಥಾಪಿಸಿದ ಮನೆಗಳು. 1944ರ ಬಾಂಬ್ ದಾಳಿಯಲ್ಲಿ ಬಹಳಷ್ಟು ಸುಟ್ಟುಹೋದವು, ಮತ್ತ ಮೊದಲಿನಂಗ ಕಟ್ಟಿದರು. ಇವತ್ತಿಗೂ ಅಲ್ಲಿ ಬಡವರೇ ಇರ್ತಾರ. ವರ್ಷದ ಬಾಡಿಗೆ ಒಂದು ಯೂರೋಗಿಂತ ಕಡಿಮೆ. ಪ್ರವಾಸಿಗರು ಮಾತ್ರ ಟಿಕೆಟ್ ತೆಗೆಸಬೇಕು. ದತ್ತಿಯ ಕಾಡಿನಿಂದ, ಆಸ್ತಿಗಳಿಂದ ಬರೋ ಉತ್ಪನ್ನದಾಗ ಮನೆಗಳ ಖರ್ಚು ನಡೀತದ. ಫ್ರಾನ್ಸಿನ ಬೋನ್ ಊರಿನಲ್ಲಿ 1443ರಲ್ಲಿ ಬಡವರಿಗಾಗಿ ಕಟ್ಟಿದ ಧರ್ಮಾಸ್ಪತ್ರೆಗೆ ದಾನಿಗಳು ದ್ರಾಕ್ಷಿ ತೋಟ ಬಿಟ್ಟರು. ಆ ತೋಟದ ದ್ರಾಕ್ಷಾರಸವನ್ನ 1859ರಿಂದ ಹರಾಜು ಹಾಕ್ತಾರ. ಬಂದ ರೊಕ್ಕ ಆಸ್ಪತ್ರೆಗೆ, ಹಳೇ ಕಟ್ಟಡಕ್ಕ. ದ್ರಾಕ್ಷಿ ನಮ್ಮ ಸೋಲಾಪುರ ಜಿಲ್ಲೆಯಾಗೂ ಬೆಳೀತದ. ಧರ್ಮಶಾಲೆಗೆ ಬಿಟ್ಟ ಹೊಲಗಳೂ ನಮ್ಮಲ್ಲಿ ಇದ್ದವು. ಕಡಿಮೆ ಬಿದ್ದದ್ದು ಲೆಕ್ಕ ಇಡೋ ಮನಸ್ಸು.

ನಮ್ಮಲ್ಲಿ ಧರ್ಮಶಾಲೆ ಹ್ಯಾಂಗ ಸಾಯ್ತದ ಅಂದ್ರ ಒಂದೇ ದಿನಕ್ಕ ಸಾಯಂಗಿಲ್ಲ. ಮೊದಲು ಕಾಗದ ಸಾಯ್ತದ. ಹಳೇ ವಿಶ್ವಸ್ತರು ಒಬ್ಬೊಬ್ಬರಾಗಿ ತೀರಿಕೊಳ್ತಾರ. ಹೊಸಬರ ಹೆಸರು ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ಚೇಂಜ್ ರಿಪೋರ್ಟ್ ಕೊಟ್ಟು ಹತ್ತಿಸಬೇಕು, ಯಾರೂ ಹತ್ತಿಸಂಗಿಲ್ಲ. ಬ್ಯಾಂಕಿನಾಗಿರೋ ಖಾತೆಗೆ ಸಹಿ ಮಾಡೋರು ಇರಂಗಿಲ್ಲ. ಹತ್ತು ವರ್ಷ ಖಾತೆ ಮುಟ್ಟದೇ ಇದ್ದರ ಆ ರೊಕ್ಕ ರಿಸರ್ವ್ ಬ್ಯಾಂಕಿನ ಠೇವಣಿದಾರರ ಜಾಗೃತಿ ನಿಧಿಗೆ ಹೋಗ್ತದ. ಹೋದರೂ ಅದು ಮುಳುಗಿದಂಗಲ್ಲ, ಸರಿಯಾದ ಕಾಗದ ಕೊಟ್ಟರ ಯಾವಾಗ ಬೇಕಾದರೂ ಬ್ಯಾಂಕಿನ ಮೂಲಕ ವಾಪಸ್ ಕೇಳಬಹುದು. 2023ರಿಂದ ‘ಉದ್ಗಮ್’ ಅನ್ನೋ ಪೋರ್ಟಲ್ಲಿನಲ್ಲಿ ಇಂಥಾ ಠೇವಣಿ ಹುಡುಕಾಕೂ ಬರ್ತದ, ಸಂಸ್ಥೆಯ ಹೆಸರಿನಲ್ಲೂ ಹುಡುಕಬಹುದು. ನಿಮ್ಮ ಊರಿನ ಹಳೇ ಟ್ರಸ್ಟಿನ ಹೆಸರು ಹಾಕಿ ಒಮ್ಮೆ ನೋಡ್ರಿ. ಛತ್ತಿನ ದುರಸ್ತಿಗೆ ಬೇಕಾದ ರೊಕ್ಕ ಅಲ್ಲೇ ಕುಂತಿದ್ದರೂ ಇರಬಹುದು.

ಕಾಗದ ಸತ್ತ ಮ್ಯಾಲ ಉಪಯೋಗ ಸಾಯ್ತದ. ಯಾತ್ರಿಕರು ಬರೋದು ಕಡಿಮೆ ಆತು ಅಂತ ಒಂದು ಕೋಣೆ ಗೋದಾಮಿಗೆ, ಒಂದು ಕೋಣೆ ಬಾಡಿಗೆಗೆ. ಕಡೀಕ ಕಟ್ಟಡ ಸಾಯ್ತದ. ಸುಣ್ಣದ ಗ್ವಾಡಿಗೆ ಸಿಮೆಂಟ್ ಮೆತ್ತತಾರ. ಸುಣ್ಣದ ಗ್ವಾಡಿ ಉಸಿರಾಡೋ ಗ್ವಾಡಿ, ಒಳಗಿನ ಹಸಿ ಹೊರಗ ಬಿಡ್ತದ. ಸಿಮೆಂಟ್ ಮೆತ್ತಿದರ ಹಸಿ ಒಳಗೇ ನಿಂತು ಕಲ್ಲು-ಗಚ್ಚು ಸಡಿಲ ಆಗ್ತದ. ಮಾಳಿಗೆ ಮ್ಯಾಲಿನ ಮಣ್ಣು ವರ್ಷಾ ವರ್ಷ ತಿದ್ದಲಿಲ್ಲ ಅಂದ್ರ ನೀರು ಇಳಿದು ಜಂತಿ ಕೊಳೀತದ. ಆಮ್ಯಾಲ ‘ಧೋಕಾದಾಯಕ ಇಮಾರತ್’ ಅಂತ ನೋಟೀಸು ಬರ್ತದ, ಮಂದಿಯೂ ‘ಬೀಳೋ ಮೊದಲು ನಾವೇ ಕೆಡವೋಣ’ ಅಂತಾರ. ಕೆಡವಿದ ದಿನ ಬಾಗಿಲ ಮ್ಯಾಲಿದ್ದ ಕಲ್ಲೂ ರಾಡಿ ಜೊತೆ ಟ್ರ್ಯಾಕ್ಟರ್ ಏರ್ತದ. ಆ ಕಲ್ಲಿನ ಮ್ಯಾಲೆ ಯಾರ ಹೆಸರಿತ್ತು, ಯಾವ ಶಕೆಯಲ್ಲಿ ಕಟ್ಟಿದ್ದು, ಯಾವ ಲಿಪಿಯಲ್ಲಿ ಬರೆದಿದ್ದು? ಯಾರೂ ಫೋಟೋ ಸುದ್ಧಾ ತೆಗೆದಿರಂಗಿಲ್ಲ.

ಇಲ್ಲೇ ನಮ್ಮ ಭಾಷೆಯ ಪ್ರಶ್ನೆ ಬರ್ತದ. ನಾವು ಭಾಷಿಕ ಅಲ್ಪಸಂಖ್ಯಾತರು ಸಂವಿಧಾನದ ಕಲಮುಗಳನ್ನ ಶಾಲೆಯ ವಿಷಯಕ್ಕ ಬಹಳ ಸಲ ಎತ್ತಿ ಹೇಳ್ತೀವಿ, ಹೇಳಬೇಕು ಕೂಡ. ಆದರ 29ನೇ ಕಲಮು ಸರಿಯಾಗಿ ಓದ್ರಿ. ತಮ್ಮದೇ ಭಾಷೆ, ಲಿಪಿ, ಸಂಸ್ಕೃತಿ ಇರೋ ಯಾವುದೇ ನಾಗರಿಕ ಸಮೂಹಕ್ಕ ಅದನ್ನ ಕಾಪಾಡಿಕೊಳ್ಳೋ ಹಕ್ಕು ಅದ ಅಂತ ಅದರಾಗ ಬರೆದದ. ಪಾಠಪುಸ್ತಕದಾಗಿರೋದಷ್ಟೇ ಲಿಪಿ ಅಲ್ಲ. ಧರ್ಮಶಾಲೆಯ ಬಾಗಿಲ ಮ್ಯಾಲೆ, ಬಾವಿ ಕಟ್ಟೆಯ ಮ್ಯಾಲೆ, ಮಠದ ಗಂಟೆಯ ಮ್ಯಾಲೆ ಇರೋದೂ ಲಿಪಿನೇ. ‘ಇಲ್ಲಿ ಕನ್ನಡ ಎಲ್ಲಿ ಇತ್ತು?’ ಅಂತ ನಾಳೆ ಯಾರಾದರೂ ಕೇಳಿದರ ಆ ಕಲ್ಲು ಸಾಕ್ಷಿ ಹೇಳ್ತದ. 1967ರ ಮಹಾಜನ ವರದಿ ಬಗ್ಗೆ ನಾವು ಎಷ್ಟು ಬೇಕಾದರೂ ವಾದ ಮಾಡಬಹುದು. ಆದರ ನಮ್ಮ ಕಣ್ಣೆದುರಿನ ಕಲ್ಲನ್ನ ನಾವೇ ಬುನಾದಿಗೆ ಹಾಕಿದ ಮ್ಯಾಲ ಯಾವ ವಾದಕ್ಕ ಬಲ ಬರ್ತದ? ಹಂಗಂತ ಮರಾಠಿ ಕಲ್ಲು ಇದ್ದ ಧರ್ಮಶಾಲೆ ಬೀಳಲಿ ಅಂತ ನಾನು ಹೇಳಾಕತ್ತಿಲ್ಲ. ಮರಾಠಿ ಇರಲಿ, ಮೋಡಿ ಇರಲಿ, ಉರ್ದು ಇರಲಿ, ಎಲ್ಲಾ ಉಳೀಬೇಕು. ದಾನ ಮಾಡಿದವರು ಬಂದವರ ಭಾಷೆ ಕೇಳಿ ಬಾಗಿಲು ತೆಗೀಲಿಲ್ಲ.

ಕಾನೂನು ಏನು ಹೇಳ್ತದ? ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ವ್ಯವಸ್ಥೆ ಕಾಯ್ದೆ ಅಂತ ಈಗ ಕರೆಯೋ 1950ರ ಕಾಯ್ದೆಯ 36ನೇ ಕಲಮಿನ ಪ್ರಕಾರ, ಟ್ರಸ್ಟಿನ ಸ್ಥಿರಾಸ್ತಿಯನ್ನ ಮಾರಾಕ, ಅದಲುಬದಲು ಮಾಡಾಕ, ದಾನ ಕೊಡಾಕ ಧರ್ಮಾದಾಯ ಆಯುಕ್ತರ ಪೂರ್ವಪರವಾನಗಿ ಬೇಕು. ಕಟ್ಟಡವನ್ನ 3 ವರ್ಷಕ್ಕಿಂತ ಹೆಚ್ಚು ಲೀಸಿಗೆ ಕೊಡಾಕೂ ಬೇಕು. ಸಾವಿರ ಕವಿಲೆಯ ಶಾಪ ಇದ್ದ ಜಾಗದಾಗ ಇವತ್ತು ಈ ಕಲಮು ಅದ ಅಂತ ತಿಳೀರಿ. ಆದರ ಒಂದು ಕೊರತೆ. ಈ ಕಲಮು ಆಸ್ತಿ ಕಾಯ್ತದ, ಕಟ್ಟಡದ ರೂಪ ಕಾಯಂಗಿಲ್ಲ. ಜಾಗ ಟ್ರಸ್ಟಿಂದೇ ಇರಲಿ, ಕಮಾನು ಒಡೆದು ಶಟರ್ ಕೂಡಿಸಿದರ ಅದನ್ನ ತಡೆಯಾಕ ಬ್ಯಾರೆ ಕಾನೂನು ಬೇಕು.

ಆ ಕಾನೂನೂ ಅದ. ದೊಡ್ಡ ಸ್ಮಾರಕಗಳಿಗೆ 1958ರ ಕೇಂದ್ರ ಕಾಯ್ದೆ ಮತ್ತು 1960ರ ಮಹಾರಾಷ್ಟ್ರ ಕಾಯ್ದೆ. ಊರೊಳಗಿನ ಕಟ್ಟಡಗಳಿಗೆ ಇವಕ್ಕಿಂತ ಒಗ್ಗೋದು ನಗರ ಯೋಜನೆಯ ಪರಂಪರೆ ಯಾದಿ. ಮುಂಬೈ 1995ರಲ್ಲೇ ಇದಕ್ಕ ನಿಯಮ ತಂದಿತು, ದೇಶದಾಗ ಮೊದಲು. ಕಟ್ಟಡಗಳನ್ನ ಗ್ರೇಡ್ 1, 2, 3 ಅಂತ ವಿಂಗಡಿಸಿದರು. ಗ್ರೇಡ್ 1 ಅಂದ್ರ ಬಹುತೇಕ ಮುಟ್ಟಂಗಿಲ್ಲ. 2 ಮತ್ತು 3ರಲ್ಲಿ ರೂಪ ಕೆಡದಂಗ ಒಳಗ ಬದಲಾವಣೆ ಮಾಡಾಕ ಅನುವು ಅದ. ಮಾಲೀಕರಿಗೆ ನುಕಸಾನ ಆಗಬಾರದು ಅಂತ ಕಟ್ಟಾಕ ಬಾರದ ಕ್ಷೇತ್ರದ ಹಕ್ಕನ್ನ, ಅಂದ್ರ ಟಿಡಿಆರ್, ಬ್ಯಾರೆ ಕಡೆ ಮಾರಾಕ ದಾರಿ ಮಾಡಿಕೊಟ್ಟರು.

ಇನ್ನು ವಿಶ್ವಸ್ತರ ಮಾತಿಗೆ ಬರೋಣ, ಯಾಕಂದ್ರ ಅವರ ಮಾತಿನಾಗೂ ಹುರುಳದ. ‘ಪರಂಪರೆ ಅಂತ ಶಿಕ್ಕಾ ಬಿದ್ದರ ಒಂದು ಮೊಳೆ ಹೊಡ್ಯಾಕೂ ಪರವಾನಗಿ ಕೇಳಬೇಕು. ಸರ್ಕಾರ ರೊಕ್ಕ ಕೊಡಂಗಿಲ್ಲ, ನಮಗೂ ಮಾಡಾಕ ಬಿಡಂಗಿಲ್ಲ. ಅದಕ್ಕಿಂತ ಕೆಡವಿ ಹಾಸ್ಟೆಲ್ ಕಟ್ಟಿದರ ನಾಲ್ಕು ಹುಡುಗರಿಗೆ ಅನುಕೂಲ’ ಅಂತಾರ. ಹುಡುಗರಿಗೆ ಅನುಕೂಲ ಆಗಬಾರದು ಅಂತ ಯಾರೂ ಹೇಳಂಗಿಲ್ಲ. ಧರ್ಮಶಾಲೆಯ ಉದ್ದೇಶನೇ ಅದು. ಆದರ ಕೆಡವಿದ ಮ್ಯಾಲ ಎದ್ದದ್ದು ಹಾಸ್ಟೆಲ್ ಎಷ್ಟು, ಅಂಗಡಿ ಗಾಳೆ ಎಷ್ಟು ಅಂತ ನಿಮ್ಮ ಊರಿನಾಗ ನೀವೇ ಎಣಿಸಿ ನೋಡ್ರಿ. ಹಳೇ ಕಟ್ಟಡದಾಗ ಶೌಚಾಲಯ, ಲೈಟು, ನೀರು ಮಾಡಿಕೊಳ್ಳಾಕ ಗ್ರೇಡ್ 2 ಅಥವಾ 3 ಸಾಕು. ಹಿಂದಿನ ಖಾಲಿ ಜಾಗದಾಗ ಹೊಸಾ ಕಟ್ಟಡ ಎಬ್ಬಿಸಿ, ಮುಂದಿನ ಹಳೇ ಚೌಕ ಉಳಿಸಬಹುದು. ಮೈಸೂರಿನ ನಂಜರಾಜ ಬಹದ್ದೂರ್ ಛತ್ರ ಹಳೇ ಛತ್ರನೇ. ಇವತ್ತು ಅಲ್ಲಿ ರೈತರ ದೇಸಿ ಬೀಜದ ಮೇಳ, ಅಕ್ಕಿ ಮೇಳ ನಡೀತಾವ. ಬಾಗಿಲು ತೆರೆದಿರೋ ಕಟ್ಟಡ ಬೇಗ ಬೀಳಂಗಿಲ್ಲ, ಬೀಗ ಹಾಕಿದ ಕಟ್ಟಡನೇ ಮೊದಲು ಬೀಳೋದು.

ಸರ್ಕಾರಕ್ಕೂ ಒಂದು ಮಾತು. ಪಂಢರಪುರದಾಗ ಕಾರಿಡಾರ್ ಮಾಡ್ತೀವಿ ಅಂತ ಮಾತು ಎದ್ದಾಗಿನಿಂದ ದೇವಸ್ಥಾನದ ಸುತ್ತಿನ ಹಳೇ ವಾಡೆ, ಮಠ, ಮನೆಗಳ ಮಂದಿಗೆ ನೆಮ್ಮದಿ ಇಲ್ಲ. ಭಕ್ತರಿಗೆ ರಸ್ತೆ ಅಗಲ ಬೇಕು, ಖರೆ. ಆದರ ಭಕ್ತರನ್ನ ನೂರಾರು ವರ್ಷ ಸಾಕಿದ ಮನೆಗಳನ್ನ ಅಳತೆ ಪಟ್ಟಿ ಹಿಡಿದು ಚದರ ಫೂಟಿನ ಲೆಕ್ಕಕ್ಕಷ್ಟೇ ನೋಡಬಾರದು. ಕೆಡವೋ ಮೊದಲು ಯಾದಿ ಆಗಬೇಕು. ಯಾದಿ ಇಲ್ಲದ ಊರಿನಾಗ ಪರಿಹಾರ ಸಿಗೋದು ಜಾಗಕ್ಕಷ್ಟೇ, ಇತಿಹಾಸಕ್ಕ ಸಿಗಂಗಿಲ್ಲ.

ಈಗ ನಾವು ಮಾಡಬೇಕಾದ್ದು. ದೊಡ್ಡ ಹೋರಾಟ ಬ್ಯಾಡ, ನಾಲ್ಕು ಕೆಲಸ ಸಾಕು.

1. ನಿಮ್ಮ ಊರಿನ ಧರ್ಮಶಾಲೆ, ಛತ್ರ, ಮಠದ ದಾಸೋಹದ ಮನೆಯ ಫೋಟೋ ತೆಗೀರಿ. ಮುಂಭಾಗ, ಚೌಕ, ಕಂಬ, ಜಂತಿ, ಮುಖ್ಯವಾಗಿ ಅಕ್ಷರ ಇರೋ ಕಲ್ಲು. ಬೆಳಿಗ್ಗೆ ಇಲ್ಲಾ ಸಂಜೆ ಓರೆ ಬಿಸಿಲಿನಾಗ ತೆಗೆದರ ಅಕ್ಷರ ಚಲೋ ಕಾಣ್ತಾವ. ಸುಣ್ಣ, ಪೇಂಟ್ ಬಳಿದಿದ್ದರ ಕಬ್ಬಿಣದ ಬ್ರಷ್ ಹಾಕಿ ತಿಕ್ಕಬ್ಯಾಡ್ರಿ, ಅಕ್ಷರ ಹೋಗ್ತಾವ.

2. ಕಾಗದ ತೆಗೆಸ್ರಿ. ಧರ್ಮಾದಾಯ ಕಚೇರಿಯಿಂದ ಟ್ರಸ್ಟಿನ ನೋಂದಣಿ ಉತಾರಾ, ಪಟ್ಟಣ ಇದ್ದರ ಪ್ರಾಪರ್ಟಿ ಕಾರ್ಡ್, ಹೊಲ ಇದ್ದರ ಸಾತ್-ಬಾರಾ. ಸಾತ್-ಬಾರಾದಾಗ ಧರ್ಮಶಾಲೆಯ ಹೆಸರು ಇನ್ನೂ ಅದ ಏನು, ಯಾವಾಗ ಹೋತು, ಯಾವ ಫೇರಫಾರ್ ಮ್ಯಾಲ ಹೋತು ಅಂತ ನೋಡ್ರಿ.

3. ಹಿರಿಯರನ್ನ ಕೇಳ್ರಿ. ಯಾವ ಜಾತ್ರೆಗೆ ಎಲ್ಲಿಯ ಮಂದಿ ಬಂದು ಇಳೀತಿದ್ದರು, ಅಡಿಗೆ ಯಾರು ಮಾಡ್ತಿದ್ದರು, ದವಸ ಎಲ್ಲಿಂದ ಬರ್ತಿತ್ತು. ಮೊಬೈಲಿನಾಗ ಧ್ವನಿ ಹಿಡಕೊಳ್ರಿ. ಎಂಭತ್ತು ದಾಟಿದವರು ಇನ್ನ ಎಷ್ಟು ಮಂದಿ ಉಳದಾರ?

4. ಇವು ಮೂರೂ ಕೂಡಿದ ಮ್ಯಾಲ ಗ್ರಾಮಸಭೆಯಾಗ ಇಲ್ಲಾ ನಗರಪರಿಷತ್ತಿನಾಗ ಠರಾವು ಮಾಡಿಸಿ, ರಾಜ್ಯ ಪುರಾತತ್ವ ಖಾತೆಗೂ ಜಿಲ್ಹಾಧಿಕಾರಿಗೂ ಅರ್ಜಿ ಕೊಡ್ರಿ. ಅರ್ಜಿ ಮರಾಠಿಯಲ್ಲಿ ಬರೀರಿ, ಕೆಲಸ ಲಗೂನ ಆಗ್ತದ. ಜೋಡಿಗೆ ಕನ್ನಡದ ಪ್ರತಿ ಇಡ್ರಿ, ದಾಖಲೆಗೆ ಇರ್ತದ.

ಇದರ ಜೊತೆ ಒಂದು ನಿಯಮ ನಮಗ ನಾವೇ ಹಾಕಿಕೊಳ್ಳಬೇಕು. ಜೀರ್ಣೋದ್ಧಾರಕ್ಕ ಎತ್ತಿದ ದೇಣಿಗೆಯಾಗ ಒಂದು ಪಾಲನ್ನ ಖರ್ಚು ಮಾಡದೇ ಟ್ರಸ್ಟಿನ ಹೆಸರಿನಾಗ ಮುದ್ದತ್ ಠೇವಣಿ ಇಡಬೇಕು. ಅದರ ಬಡ್ಡಿ ಮಾಳಿಗೆ ತಿದ್ದಾಕ, ಸುಣ್ಣ ಹಚ್ಚಾಕ ಅಷ್ಟೇ. ಅಸಲು ಮುಟ್ಟಬಾರದು. ಖಾತೆ ಹೆಸರಿನ ಮುಂದೆ ಬೇಕಾದರ ಆ ಹಳೇ ಕನ್ನಡ ಶಬ್ದನೇ ಬರೀರಿ: ಖಂಡಸ್ಫುಟಿತ ಜೀರ್ಣೋದ್ಧಾರ ನಿಧಿ.

ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಗುಡಿ ಒಂದೇ ಕಟ್ಟಿಸಿ ಕೈ ತೊಳಕೊಳ್ಳಲಿಲ್ಲ. ಮಂದಿಯನ್ನ ಕೂಡಿಸಿ ಕೆರೆ ಕಟ್ಟಿಸಿದರು. ವರ್ಷಾ ವರ್ಷ ಸಂಕ್ರಾಂತಿಗೆ ನಂದಿಕೋಲು ಹೊತ್ತು 68 ಲಿಂಗಗಳನ್ನ ಸುತ್ತಿ ಬರ್ತೀವಿ. ಅವರ ಹೆಸರು ಹೇಳಿಕೊಂಡು ಬಾಳೋ ನಾವು ಅವರ ದಾಸೋಹದ ನೆನಪು ಇರೋ ಮನೆಗಳನ್ನ ಗಾಳೆ ಮಾಡಿ ಬಾಡಿಗೆ ತಿನ್ನಾಕ ಹತ್ತಿದರ, ಆ ಸುತ್ತು ಎದಕ್ಕ?

ನಿಮ್ಮ ಊರಿನ ಧರ್ಮಶಾಲೆಯ ಹೆಸರು, ಊರು, ಇವತ್ತಿನ ಸ್ಥಿತಿ, ಕಲ್ಲಿನ ಫೋಟೋ ಕೆಳಗ ಹಾಕ್ರಿ. ದಕ್ಷಿಣ ಸೋಲಾಪುರ, ಅಕ್ಕಲಕೋಟ, ಜತ್ತ, ಮಂಗಳವೇಢೆ ಯಾವ ತಾಲೂಕಿಂದು ಆದರೂ ನಡೀತದ. ಜಗಳದ ಕಮೆಂಟ್ ಬ್ಯಾಡ, ಫೋಟೋ ಬೇಕು. ಯಾದಿ ಇಲ್ಲಿಂದಲೇ ಸುರು ಮಾಡೋಣ.

ಶರಣು.

#ಗಡಿನಾಡಕನ್ನಡ #ಧರ್ಮಶಾಲೆಉಳಿಸಿ